ಎಂಆರ್‌ಐ ಚಿತ್ರದಲ್ಲಿ ಮಿದುಳಿನ ಎಡ–ಬಲ ಗೋಳಾರ್ಧ ಬೇರ್ಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಮುಖ್ಯವಾಗಿ ಮನುಷ್ಯರ ಮಿದುಳಿನ ಟಿ1 ಬಗೆಯ ಎಂಆರ್‌ಐ ಚಿತ್ರಗಳ ಬಗ್ಗೆ. ಗಾಜಿನ ಮೇಲೆ ಅಂಟಿಸಿದ ಮಿದುಳಿನ ತೆಳು ಪದರಗಳ ಫೋಟೊ ಇಟ್ಟುಕೊಂಡವರಿಗೆ ಕೊನೆಯಲ್ಲಿ ಒಂದು ಪ್ರಶ್ನೆ ಇದೆ. ಮೆನು ಮತ್ತು ಬಟನ್‌ಗಳ ಹೆಸರನ್ನು ಪರದೆಯ ಮೇಲೆ ಓದುವ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ.

ಮಾಸ್ಕ್ ಎಂದರೇನು? ಚಿತ್ರವನ್ನೇ ಅರ್ಧಕ್ಕೆ ಕತ್ತರಿಸಿದರೆ ಆಗದೆ?

ಮಾಸ್ಕ್ ಎನ್ನುವುದು ಮೂಲ ಚಿತ್ರದಷ್ಟೇ ಅಳತೆ, ಅಷ್ಟೇ ವಾಕ್ಸೆಲ್‌ಗಳಿರುವ (ವಾಕ್ಸೆಲ್ ಎಂದರೆ ತ್ರೀಡಿ ಚಿತ್ರದ ಒಂದು ಪುಟ್ಟ ತುಣುಕು) ಇನ್ನೊಂದು ಕಡತ. ಬೇಕಾದ ಜಾಗದಲ್ಲಿ 1, ಬೇಡದ ಕಡೆ 0. ಮೂಲ ಚಿತ್ರವನ್ನು ಇದರಿಂದ ಗುಣಿಸಿದರೆ ಬೇಕಾದ ಭಾಗ ಉಳಿದು ಮಿಕ್ಕಿದ್ದು ಕಪ್ಪಾಗುತ್ತದೆ.

ಚಿತ್ರವನ್ನೇ ಕತ್ತರಿಸಿದರೆ ಕಡತದ ಅಳತೆ ಬದಲಾಗುತ್ತದೆ. ಆಮೇಲೆ ಅದೇ ವ್ಯಕ್ತಿಯ ಬೇರೆ ಸ್ಕ್ಯಾನ್‌ಗಳ ಜೊತೆ ಹೊಂದಿಸುವುದು ತಲೆನೋವು. ತಪ್ಪು ಕಂಡರೆ ತಿದ್ದಲೂ ಆಗದು, ಏಕೆಂದರೆ ಕತ್ತರಿಸಿ ಎಸೆದದ್ದು ಹೋಯಿತು. ಮಾಸ್ಕ್ ಇದ್ದರೆ ಮೂಲ ಚಿತ್ರ ಮುಟ್ಟದೆ ಉಳಿಯುತ್ತದೆ.

ಎಡಕ್ಕೊಂದು ಬಲಕ್ಕೊಂದು ಕಡತ ಮಾಡುವ ಬದಲು ಒಂದೇ ಲೇಬಲ್ ಕಡತ ಇಟ್ಟುಕೊಳ್ಳಿ: ಎಡ 1, ಬಲ 2, ಯಾರಿಗೂ ಸೇರದ ನಡುಭಾಗ 3. ಒಂದು ವಾಕ್ಸೆಲ್‌ಗೆ ಒಂದೇ ಸಂಖ್ಯೆ ಇರುವುದರಿಂದ ಎಡ–ಬಲ ಒಂದರ ಮೇಲೊಂದು ಬೀಳುವ ಪ್ರಶ್ನೆಯೇ ಇಲ್ಲ.

ಯಾವ ಬಗೆಯ ಚಿತ್ರ ಬೇಕು? ವಾಟ್ಸ್‌ಆ್ಯಪ್‌ನಲ್ಲಿ ಬಂದ ಫಿಲ್ಮ್ ಫೋಟೊ ಸಾಕೆ?

ಸಾಲದು. ಫಿಲ್ಮಿನ ಫೋಟೊದಲ್ಲಿ ಸ್ಲೈಸ್‌ಗಳ ನಡುವಿನ ಅಂತರವಾಗಲಿ, ವಾಕ್ಸೆಲ್ ಎಷ್ಟು ಮಿಲಿಮೀಟರ್ ಎಂಬುದಾಗಲಿ ಇರುವುದಿಲ್ಲ. ಸ್ಕ್ಯಾನಿಂಗ್ ಸೆಂಟರ್‌ನವರಿಂದ ಡೈಕಾಮ್ ಕಡತಗಳಿರುವ (ಸ್ಕ್ಯಾನರ್ ಬರೆಯುವ ಮೂಲ ರೂಪ) ಸಿಡಿ ಕೇಳಿ ಪಡೆಯಿರಿ. ಅದನ್ನು ಡಿಸಿಎಂ2ಎನ್‌ಐಐಎಕ್ಸ್ ಎಂಬ ಉಚಿತ ಸಾಧನದಿಂದ ನಿಫ್ಟಿ ಎಂಬ ಕಡತ ರೂಪಕ್ಕೆ ಬದಲಿಸಿ. ದಿಕ್ಕಿನ ಮಾಹಿತಿಯನ್ನು ಅದು ಹೆಡರ್‌ನಲ್ಲಿ (ಕಡತದ ವಿವರ ಬರೆದಿಡುವ ಭಾಗ) ಸರಿಯಾಗಿ ಉಳಿಸುತ್ತದೆ. ಹಳೆಯ ಅನಲೈಜ್ 7.5 ಕಡತಗಳನ್ನು ಮಾತ್ರ ನಂಬಬೇಡಿ: ಅವುಗಳಲ್ಲಿ ಎಡ–ಬಲದ ಗುರುತು ಭದ್ರವಾಗಿ ಇರುವುದಿಲ್ಲ.

ಸುಮಾರು 1 ಮಿಲಿಮೀಟರ್ ಘನದ ವಾಕ್ಸೆಲ್ ಇರುವ ತ್ರೀಡಿ ಟಿ1 ಸ್ಕ್ಯಾನ್ ಇದ್ದರೆ ಕೆಲಸ ಸಲೀಸು. ಟಿ1ನಲ್ಲಿ ಮಿದುಳು ದ್ರವ ಕಪ್ಪು, ಬಿಳಿ ದ್ರವ್ಯ (ನರತಂತುಗಳಿರುವ ಒಳಭಾಗ) ಬಿಳುಪು. ಹಾಗಾಗಿ ಎರಡು ಗೋಳಾರ್ಧಗಳ ನಡುವಿನ ಉದ್ದ ಸೀಳು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ದಿನನಿತ್ಯದ ಆಸ್ಪತ್ರೆ ಸ್ಕ್ಯಾನ್‌ಗಳಲ್ಲಿ ಸ್ಲೈಸ್ ದಪ್ಪ 5 ಮಿಲಿಮೀಟರ್ ಇರುವುದು ಸಾಮಾನ್ಯ. ಅವು ಅಡ್ಡ ಸ್ಲೈಸ್‌ಗಳಾದರೆ ಎಡ–ಬಲ ದಿಕ್ಕಿನಲ್ಲಿ ಸ್ಪಷ್ಟತೆ ಇರುತ್ತದೆ, ಮೇಲಿನಿಂದ ಕೆಳಕ್ಕೆ ಮಾತ್ರ ಮಾಸ್ಕ್ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪಕ್ಕದಿಂದ ತೆಗೆದ ಸ್ಯಾಜಿಟಲ್ ಸ್ಲೈಸ್‌ಗಳು 5 ಮಿಲಿಮೀಟರ್ ದಪ್ಪ ಇದ್ದರೆ ಕಷ್ಟ. ನಡುವಿನ ಒಂದೇ ಸ್ಲೈಸ್ ಒಳಗೆ ಎಡವೂ ಬಲವೂ ಕಲಸಿಹೋಗಿರುತ್ತವೆ, ಯಾವ ಮಾಸ್ಕೂ ಅದನ್ನು ಬಿಡಿಸಲಾರದು.

ಪರದೆಯ ಎಡಕ್ಕೆ ಇರುವುದು ಎಡ ಗೋಳಾರ್ಧ ತಾನೆ?

ಇಲ್ಲಿಯೇ ಅತಿ ಹೆಚ್ಚು ತಪ್ಪಾಗುವುದು. ತಪ್ಪಾದದ್ದು ಕಣ್ಣಿಗೂ ಕಾಣುವುದಿಲ್ಲ, ಏಕೆಂದರೆ ಮಿದುಳಿನ ಎರಡೂ ಬದಿ ನೋಡಲು ಒಂದೇ ತರಹ.

ತೋರಿಸುವ ಪದ್ಧತಿಗಳು ಎರಡು. ರೇಡಿಯಾಲಜಿ ಪದ್ಧತಿಯಲ್ಲಿ ರೋಗಿಯ ಬಲಭಾಗ ಪರದೆಯ ಎಡಕ್ಕೆ ಬರುತ್ತದೆ. ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕೆ ಇರುವ ಹಾಗೆ. ನ್ಯೂರಾಲಜಿ ಪದ್ಧತಿಯಲ್ಲಿ ಎಡ ಎಡಕ್ಕೇ. ಐಟಿಕೆ-ಸ್ನ್ಯಾಪ್, ತ್ರೀಡಿ ಸ್ಲೈಸರ್, ಎಫ್‌ಎಸ್‌ಎಲ್‌ಐಸ್ ಎಂಬ ಚಿತ್ರ ನೋಡುವ ಪ್ರೋಗ್ರಾಂಗಳು ಮೂರೂ ಮೊದಲು ತೆರೆದಾಗ ರೇಡಿಯಾಲಜಿ ಪದ್ಧತಿಯಲ್ಲೇ ತೋರಿಸುತ್ತವೆ. ಆದರೆ ಮೂರರಲ್ಲೂ ಬದಲಿಸುವ ಸೌಲಭ್ಯ ಇದೆ, ನಿಮಗಿಂತ ಮೊದಲು ಆ ಕಂಪ್ಯೂಟರ್ ಬಳಸಿದವರು ಬದಲಿಸಿಯೂ ಇರಬಹುದು. ಚಿತ್ರದ ಅಂಚಿನಲ್ಲಿ ಬರೆದಿರುವ ಎಲ್, ಆರ್ ಅಕ್ಷರಗಳನ್ನು ಮಾತ್ರ ನಂಬಿ.

ತೋರಿಸುವುದು ಒಂದಾದರೆ, ಕಡತದೊಳಗೆ ಸಂಖ್ಯೆಗಳನ್ನು ಜೋಡಿಸಿಟ್ಟ ಕ್ರಮ ಇನ್ನೊಂದು. ಮೊದಲ ಅಕ್ಷದ 0ನೇ ಕಾಲಂ ಎಡಗಿವಿಯ ಕಡೆಯೋ ಬಲಗಿವಿಯ ಕಡೆಯೋ ಎಂಬುದು ಕಡತದಿಂದ ಕಡತಕ್ಕೆ ಬೇರೆ. ನಿಫ್ಟಿಯ ಮಿಲಿಮೀಟರ್ ಲೆಕ್ಕದಲ್ಲಿ ಎಕ್ಸ್ ಬೆಳೆಯುವುದು ಬಲಕ್ಕೆ, ಡೈಕಾಮ್‌ನಲ್ಲಿ ಎಡಕ್ಕೆ. ಹೀಗಾಗಿ ಕಾಲಂ ಸಂಖ್ಯೆ ನೋಡಿ ಅರ್ಧಕ್ಕೆ ಕತ್ತರಿಸುವ ಸ್ಕ್ರಿಪ್ಟ್ ಬರೆಯುವವರು ಮೊದಲು ಹೆಡರ್‌ನ ಆಫೈನ್ ಮ್ಯಾಟ್ರಿಕ್ಸ್ (ವಾಕ್ಸೆಲ್ ಸಂಖ್ಯೆಯನ್ನು ಮಿಲಿಮೀಟರ್ ಸ್ಥಾನಕ್ಕೆ ಬದಲಿಸುವ ಕೋಷ್ಟಕ) ಓದಬೇಕು. ಪೈಥಾನ್‌ನ ನಿಬೇಬಲ್‌ನಲ್ಲಿ ಅಕ್ಷಗಳ ದಿಕ್ಕನ್ನು ಮೂರು ಅಕ್ಷರಗಳಲ್ಲಿ ಹೇಳುವ ಫಂಕ್ಷನ್ ಇದೆ. ಮೊದಲ ಅಕ್ಷರ ಆರ್ ಎಂದು ಬಂದರೆ ಕಾಲಂ ಸಂಖ್ಯೆ ಬಲಕ್ಕೆ ಬೆಳೆಯುತ್ತದೆ, ಎಲ್ ಬಂದರೆ ಎಡಕ್ಕೆ.

ಹೆಡರ್ ಮಾತ್ರ ಬದಲಿಸುವ ಆದೇಶಗಳನ್ನು ದೂರ ಇಡಿ. ಎಫ್‌ಎಸ್‌ಎಲ್ ಎಂಬ ಮಿದುಳು ಚಿತ್ರ ಸಾಧನಗಳ ಕಟ್ಟಿನಲ್ಲಿರುವ ಎಫ್‌ಎಸ್‌ಎಲ್‌ಓರಿಯಂಟ್‌ನ ಸ್ವಾಪ್‌ಓರಿಯಂಟ್ ಆಯ್ಕೆ ಚಿತ್ರವನ್ನು ಹಾಗೇ ಬಿಟ್ಟು ಹಣೆಪಟ್ಟಿ ಮಾತ್ರ ಬದಲಿಸುತ್ತದೆ. ಎಡ ನಿಜವಾಗಿಯೂ ಬಲವಾಗಿಬಿಡುತ್ತದೆ. ದಿಕ್ಕು ಸರಿಮಾಡಿಕೊಳ್ಳಲು ಎಫ್‌ಎಸ್‌ಎಲ್‌ರೀಓರಿಯಂಟ್2ಸ್ಟ್ಯಾಂಡರ್ಡ್ ಸಾಕು. ಅದು 90 ಡಿಗ್ರಿ ತಿರುವುಗಳನ್ನಷ್ಟೇ ಮಾಡುತ್ತದೆ, ಎಡ–ಬಲ ಕೆಡಿಸುವುದಿಲ್ಲ.

ಸ್ಕ್ಯಾನ್ ಇನ್ನೂ ಆಗಬೇಕಿದ್ದರೆ ವಿಟಮಿನ್ ಇ ಗುಳಿಗೆಯೊಂದನ್ನು ಬಲ ಕಪೋಲದ ಮೇಲೆ ಟೇಪ್ ಹಾಕಿ ಅಂಟಿಸಲು ಹೇಳಿ. ಗುಳಿಗೆಯೊಳಗಿನ ಎಣ್ಣೆ ಟಿ1ನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹೆಡರ್ ಏನೇ ಹೇಳಲಿ, ಆ ಬಿಳಿ ಚುಕ್ಕೆ ಇರುವುದೇ ಬಲ.

ನಡುವೆ ಒಂದು ನೇರ ಗೆರೆ ಎಳೆದು ಬೇರೆ ಮಾಡಿದರೆ ಸಾಲದೆ?

ಚಿತ್ರದ ನಡುಗೆರೆಯೇ ಮಿದುಳಿನ ನಡುಗೆರೆ ಆಗಿರುವುದು ಅಪರೂಪ. ಸ್ಕ್ಯಾನರಿನೊಳಗೆ ತಲೆ ಸ್ವಲ್ಪವಾದರೂ ವಾಲಿರುತ್ತದೆ, ತಿರುಗಿರುತ್ತದೆ. ಲೆಕ್ಕ ಹಾಕಿ ನೋಡಿ: ಮುಂದಿನಿಂದ ಹಿಂದಕ್ಕೆ ಮಿದುಳು ಸುಮಾರು 170 ಮಿಲಿಮೀಟರ್, ನಡುವಿನಿಂದ ತುದಿಗೆ 85. ತಲೆ ಕೇವಲ 2 ಡಿಗ್ರಿ ತಿರುಗಿದ್ದರೂ ತುದಿಗಳಲ್ಲಿ ಗೆರೆ ಸುಮಾರು 3 ಮಿಲಿಮೀಟರ್ ತಪ್ಪುತ್ತದೆ. ಅಲ್ಲಿ ಮಿದುಳಿನ ಹೊರಪದರವಾದ ಕಾರ್ಟೆಕ್ಸಿನ ದಪ್ಪವೇ 2ರಿಂದ 4 ಮಿಲಿಮೀಟರ್. ಅಂದರೆ ಒಂದು ಬದಿಯ ಕಾರ್ಟೆಕ್ಸ್ ಇಡಿಯಾಗಿ ಇನ್ನೊಂದು ಬದಿಗೆ ಸೇರಿತು.

ವಾಲುವಿಕೆ ಸರಿಮಾಡಿದ ಮೇಲೂ ತೊಂದರೆ ಪೂರ್ತಿ ತೀರುವುದಿಲ್ಲ, ಏಕೆಂದರೆ ಮಿದುಳೇ ಸಮಪಾಲಲ್ಲ. ಬಹಳ ಜನರಲ್ಲಿ ಬಲಭಾಗದ ಮುಂತುದಿ ತುಸು ಮುಂದಕ್ಕೆ, ಎಡಭಾಗದ ಹಿಂತುದಿ ತುಸು ಹಿಂದಕ್ಕೆ ಚಾಚಿರುತ್ತದೆ. ಯಾರೋ ಮಿದುಳನ್ನು ಮೆಲ್ಲಗೆ ಹಿಂಡಿದ ಹಾಗೆ. ಇದಕ್ಕೆ ಯಾಕೊವ್ಲೆವ್ ತಿರುಚು ಎಂದು ಹೆಸರು. ಹಿಂಭಾಗದಲ್ಲಿ ಎಡ ಆಕ್ಸಿಪಿಟಲ್ ತುದಿ ನಡುಗೆರೆ ದಾಟಿ ಬಲಕ್ಕೆ ಬಾಗಿರುವುದೂ ಉಂಟು. ನೇರ ಸಮತಲದಿಂದ ಕತ್ತರಿಸಿದ ಮಾಸ್ಕ್ ತಪ್ಪುವುದು ಬಹುಪಾಲು ಇಲ್ಲಿಯೇ. ಸಮತಲದಿಂದ ಒರಟಾಗಿ ಬೇರ್ಪಡಿಸಿ, ಹಿಂಭಾಗವನ್ನು ಕೈಯಿಂದ ತಿದ್ದುವುದು ಒಳ್ಳೆಯ ದಾರಿ.

ಎರಡೂ ಬದಿಗೆ ಸೇರಿದ ನಡುಭಾಗಗಳನ್ನು ಯಾರ ಪಾಲಿಗೆ ಹಾಕಬೇಕು?

ಇದು ಸಾಫ್ಟ್‌ವೇರ್ ಉತ್ತರಿಸುವ ಪ್ರಶ್ನೆ ಅಲ್ಲ. ಕೆಲಸ ಶುರುಮಾಡುವ ಮೊದಲೇ ಬರೆದಿಟ್ಟುಕೊಳ್ಳಬೇಕಾದ ತೀರ್ಮಾನ.

ಕಾರ್ಪಸ್ ಕೆಲೋಸಮ್ ಸುಮಾರು 20 ಕೋಟಿ ನರತಂತುಗಳ ಸೇತುವೆ. ಅಲ್ಲಿ ಕಪ್ಪು ಸೀಳು ಇಲ್ಲ, ಬಿಳಿ ದ್ರವ್ಯ ಎಡದಿಂದ ಬಲಕ್ಕೆ ಅಖಂಡವಾಗಿ ಹರಿದಿದೆ. ಗಾತ್ರ ಅಳೆಯುವ ಕೆಲಸಕ್ಕೆ ಸಮತಲದಿಂದ ಎರಡಾಗಿ ಮಾಡಿದರೆ ಸಾಕು. ನಡುಗೆರೆಯಲ್ಲಿ ಅದರ ಅಡ್ಡಸೀಳಿನ ವಿಸ್ತಾರ ಸುಮಾರು 600ರಿಂದ 700 ಚದರ ಮಿಲಿಮೀಟರ್ ಇರುವುದರಿಂದ, ಗೆರೆ 1 ಮಿಲಿಮೀಟರ್ ಆಚೀಚೆ ಆದರೂ ಬದಲಾಗುವುದು 0.6–0.7 ಮಿಲಿಲೀಟರ್ ಮಾತ್ರ. ನರಮಾರ್ಗಗಳನ್ನು ಹಿಂಬಾಲಿಸುವ ಟ್ರಾಕ್ಟೋಗ್ರಫಿಗೆ ಹಾಗಲ್ಲ. ಒಂದೇ ಬದಿಯ ಮಾಸ್ಕ್ ಹಾಕಿದರೆ ಆಚೆ ಬದಿಗೆ ಹೋಗುವ ತಂತುಗಳೆಲ್ಲ ಗೆರೆಯಲ್ಲೇ ಕಡಿದುಹೋಗುತ್ತವೆ. ನಿಮಗೆ ಬೇಕಾದದ್ದೂ ಅದೇ ಇರಬಹುದು, ಆದರೆ ತಿಳಿದು ಮಾಡಿ.

ನಡುವಿನ ದ್ರವದ ಕೋಣೆಯಾದ ಮೂರನೆಯ ವೆಂಟ್ರಿಕಲ್ ಮತ್ತು ತೆಳು ಪೊರೆಯಾದ ಸೆಪ್ಟಮ್ ಪೆಲ್ಯುಸಿಡಮ್ ಅನ್ನು ಲೇಬಲ್ 3ಕ್ಕೆ ಹಾಕಿ. ಫೋರ್ನಿಕ್ಸ್ ಎಡ–ಬಲ ಎರಡು ಹುರಿಯಾಗಿದ್ದರೂ ಕೆಲೋಸಮ್ ಕೆಳಗೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. 1 ಮಿಲಿಮೀಟರ್ ಚಿತ್ರದಲ್ಲಿ ಬಿಡಿಸಲು ಹೋಗಬೇಡಿ. ಎರಡು ಥಾಲಮಸ್‌ಗಳ ನಡುವಿನ ಸಣ್ಣ ಸೇತುವೆ ಕೆಲವರಲ್ಲಿ ಇರುವುದೇ ಇಲ್ಲ. ಕಾಣದಿದ್ದರೆ ನಿಮ್ಮ ಮಾಸ್ಕಿನ ದೋಷ ಎಂದುಕೊಳ್ಳಬೇಡಿ.

ಬ್ರೈನ್‌ಸ್ಟೆಮ್ ಗೋಳಾರ್ಧದ ಭಾಗವಲ್ಲ, ತೆಗೆದುಬಿಡಿ. ಕಿರುಮಿದುಳಿಗೂ ಎಡ–ಬಲ ಇದೆ, ಆದರೆ ನಡುವಿನ ವರ್ಮಿಸ್‌ಗೆ ಸ್ಪಷ್ಟ ಗಡಿ ಇಲ್ಲ. ಗೋಳಾರ್ಧದ ಗಾತ್ರ ಎಂದು ಬರೆಯುವಾಗ ಕಿರುಮಿದುಳು ಸೇರಿದೆಯೋ ಇಲ್ಲವೋ ಹೇಳದಿದ್ದರೆ ಆ ಸಂಖ್ಯೆಯನ್ನು ಬೇರೆಯವರ ಸಂಖ್ಯೆಯ ಜೊತೆ ಹೋಲಿಸುವಂತಿಲ್ಲ.

ತಲೆಬುರುಡೆ ತೆಗೆಯದೆ ನೇರವಾಗಿ ಭಾಗ ಮಾಡಬಹುದೆ?

ಮಾಡಬಹುದು, ಆದರೆ ಆಮೇಲೆ ಬುರುಡೆ, ಕಣ್ಣು, ಕತ್ತು ಎಲ್ಲ ನಿಮ್ಮ ಗೋಳಾರ್ಧದೊಳಗೆ ಬಂದು ಕೂರುತ್ತವೆ. ಮೊದಲು ಮಿದುಳಿನ ಮಾಸ್ಕ್ ಮಾಡಿಕೊಳ್ಳಿ. ಎಫ್‌ಎಸ್‌ಎಲ್‌ನ ಬೆಟ್‌ನಲ್ಲಿ ಮುಖ್ಯ ಸಂಖ್ಯೆ ಒಂದೇ, ಅದರ ಮೂಲ ಬೆಲೆ 0.5. ಕಾರ್ಟೆಕ್ಸ್ ತಿಂದುಹೋದರೆ 0.4, 0.3ಕ್ಕೆ ಇಳಿಸಿ, ಬುರುಡೆಯ ಚೂರು ಉಳಿದರೆ ಏರಿಸಿ. ಚಿತ್ರದಲ್ಲಿ ಕತ್ತು ಉದ್ದಕ್ಕೆ ಬಂದಿದ್ದರೆ ಬೆಟ್ ಮಿದುಳಿನ ನಡುವನ್ನು ತಪ್ಪಾಗಿ ಊಹಿಸುತ್ತದೆ. ಮೊದಲು ರೋಬಸ್ಟ್‌ಫೋವ್‌ನಿಂದ ಕತ್ತು ಕಡಿಮೆ ಮಾಡಿ. ಫ್ರೀಸರ್ಫರ್ ಎಂಬ ಇನ್ನೊಂದು ಸಾಧನಗಳ ಕಟ್ಟಿನ ಸಿಂತ್‌ಸ್ಟ್ರಿಪ್ ಟಿ1 ಅಲ್ಲದ ಚಿತ್ರಗಳಿಗೂ ಒಗ್ಗುತ್ತದೆ, ಸಂಖ್ಯೆ ತಿರುವುವ ಕಾಟವೂ ಕಡಿಮೆ.

ಎರಡು ಗೋಳಾರ್ಧಗಳ ನಡುವೆ ಇಳಿಬಿದ್ದಿರುವ ಫಾಲ್ಕ್ಸ್ ಎಂಬ ಗಟ್ಟಿ ಪೊರೆ ಮಾಸ್ಕಿನಲ್ಲಿ ಉಳಿಯಬಹುದು. ಮಿದುಳು ಕುಗ್ಗಿದ ವಯಸ್ಸಾದವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಗಾತ್ರದ ಲೆಕ್ಕಕ್ಕೆ ಇದನ್ನೂ ಸೀಳಿನ ದ್ರವವನ್ನೂ ಬಿಟ್ಟುಬಿಡಬೇಕು.

ಯಾವ ಸಾಫ್ಟ್‌ವೇರ್ ಆರಿಸಿಕೊಳ್ಳಲಿ?

ಹತ್ತು–ಹದಿನೈದು ಚಿತ್ರಗಳಿದ್ದು ಕೈಕೆಲಸಕ್ಕೆ ಸಮಯ ಇದ್ದರೆ ಐಟಿಕೆ-ಸ್ನ್ಯಾಪ್ ಅಥವಾ ತ್ರೀಡಿ ಸ್ಲೈಸರ್. ಎರಡೂ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ನೂರಾರು ಚಿತ್ರಗಳಿದ್ದರೆ ಫ್ರೀಸರ್ಫರ್ ಅಥವಾ ಅದರೊಳಗಿನ ಸಿಂತ್‌ಸೆಗ್. ಎಲ್ಲರನ್ನೂ ಒಂದೇ ಟೆಂಪ್ಲೇಟ್‌ಗೆ (ಮಾದರಿ ಮಿದುಳಿನ ಚಿತ್ರಕ್ಕೆ) ಹೊಂದಿಸಿ ಗುಂಪುಗಳನ್ನು ಹೋಲಿಸುವುದಾದರೆ ಎಫ್‌ಎಸ್‌ಎಲ್. ಫ್ರೀಸರ್ಫರ್ ಮತ್ತು ಎಫ್‌ಎಸ್‌ಎಲ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಒಳಗೆ ಲಿನಕ್ಸ್ ಹಾಕಿಕೊಳ್ಳಬೇಕು.

ಐಟಿಕೆ-ಸ್ನ್ಯಾಪ್‌ನಲ್ಲಿ ಹಂತಗಳೇನು?

ಟಿ1 ಚಿತ್ರವನ್ನು ಮುಖ್ಯ ಚಿತ್ರವಾಗಿಯೂ ಮಿದುಳಿನ ಮಾಸ್ಕನ್ನು ಸೆಗ್ಮೆಂಟೇಶನ್ ಆಗಿಯೂ ತೆರೆಯಿರಿ. ಈಗ ಇಡೀ ಮಿದುಳು ಲೇಬಲ್ 1. ಆ್ಯಕ್ಟಿವ್ ಲೇಬಲ್ ಅನ್ನು 2ಕ್ಕೆ ಬದಲಿಸಿ, ಡ್ರಾ ಓವರ್ ಎಂಬಲ್ಲಿ ಲೇಬಲ್ 1 ಆರಿಸಿ. ಇದನ್ನು ಮರೆತರೆ ಮಿದುಳಿನ ಹೊರಗಿನ ಖಾಲಿ ಜಾಗಕ್ಕೂ ಬಣ್ಣ ಬೀಳುತ್ತದೆ.

ತ್ರೀಡಿ ಕಿಟಕಿಯಲ್ಲಿ ಅಪ್‌ಡೇಟ್ ಒತ್ತಿದರೆ ಮಿದುಳಿನ ಆಕಾರ ಮೂಡುತ್ತದೆ. ನೆತ್ತಿಯ ಮೇಲಿನಿಂದ ನೋಡುವ ಹಾಗೆ ತಿರುಗಿಸಿ, ಉದ್ದ ಸೀಳು ನೆಟ್ಟಗೆ ನಿಲ್ಲಬೇಕು. ಸ್ಕಾಲ್ಪೆಲ್ ಸಾಧನ ತೆಗೆದುಕೊಂಡು ಸೀಳಿನ ಮುಂತುದಿಯಲ್ಲಿ ಒಂದು ಕ್ಲಿಕ್, ಹಿಂತುದಿಯಲ್ಲಿ ಇನ್ನೊಂದು. ಯಾವ ಬದಿಗೆ ಹೊಸ ಲೇಬಲ್ ಬೀಳುತ್ತದೆ ಎಂದು ಬಾಣ ತೋರಿಸುತ್ತದೆ. ಸರಿ ಇದ್ದರೆ ಆ್ಯಕ್ಸೆಪ್ಟ್ ಒತ್ತಿ.

ಕತ್ತರಿಸುವ ಸಮತಲ ನೀವು ನೋಡುತ್ತಿರುವ ದಿಕ್ಕಿನಲ್ಲೇ ಒಳಗೆ ಇಳಿಯುತ್ತದೆ. ನೋಟ ಸ್ವಲ್ಪ ಓರೆಯಾಗಿದ್ದರೆ ಮೇಲೆ ಸರಿಯಾಗಿ ಕತ್ತರಿಸಿ ಕೆಳಗೆ ಥಾಲಮಸ್ ಹತ್ತಿರ ತಪ್ಪುತ್ತದೆ. ಆದ್ದರಿಂದ ಕತ್ತರಿಸಿದ ಕೂಡಲೇ ಮುಂದಿನಿಂದ ನೋಡುವ ಕೊರೋನಲ್ ಸ್ಲೈಸ್ ತೆರೆದು, ಗಡಿ ಮೂರನೆಯ ವೆಂಟ್ರಿಕಲ್ ನಡುವೆ ಹಾಯುತ್ತಿದೆಯೇ ನೋಡಿ. ಇಲ್ಲದಿದ್ದರೆ ಅನ್‌ಡೂ ಮಾಡಿ ನೋಟ ತಿದ್ದಿ ಮತ್ತೆ ಕತ್ತರಿಸಿ. ಬ್ರಷ್ ಹಿಡಿದು ತಿದ್ದಲು ಕೂತರೆ ಅರ್ಧ ದಿನ ಹೋಗುತ್ತದೆ. ಬ್ರಷ್ ಬೇಕಾಗುವುದು ಹಿಂಭಾಗದ ಬಾಗುವಿಕೆಗೆ ಮಾತ್ರ. ಅಲ್ಲಿ 3ರಿಂದ 5 ವಾಕ್ಸೆಲ್ ಅಗಲದ ಬ್ರಷ್ ಹಿಡಿದು, ಅಡ್ಡ ಸ್ಲೈಸ್‌ಗಳಲ್ಲಿ ಕಪ್ಪು ಸೀಳನ್ನು ಹಿಂಬಾಲಿಸಿ.

ತ್ರೀಡಿ ಸ್ಲೈಸರ್‌ನಲ್ಲಿ ಹೇಗೆ?

ಸೆಗ್ಮೆಂಟ್ ಎಡಿಟರ್‌ನ ಗ್ರೋ ಫ್ರಮ್ ಸೀಡ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡೂ ಕಡೆ ಬೀಜ ಬಿತ್ತಿದರೆ ಅವು ಬೆಳೆದು, ಕಪ್ಪು ಸೀಳಿನ ಹತ್ತಿರ ಒಂದನ್ನೊಂದು ತಡೆದು ನಿಲ್ಲುತ್ತವೆ. ಹಿಂಭಾಗದ ಬಾಗುವಿಕೆಯನ್ನು ಸಮತಲಕ್ಕಿಂತ ಇದು ಚೆನ್ನಾಗಿ ಹಿಡಿಯುತ್ತದೆ.

ಮಿದುಳಿನ ಮಾಸ್ಕನ್ನು ಒಂದು ಸೆಗ್ಮೆಂಟ್ ಆಗಿ ತಂದುಕೊಳ್ಳಿ. ಎಡ, ಬಲ ಎಂದು ಇನ್ನೆರಡು ಖಾಲಿ ಸೆಗ್ಮೆಂಟ್ ಸೇರಿಸಿ. ಮಾಸ್ಕಿಂಗ್ ಭಾಗದಲ್ಲಿ ಎಡಿಟಬಲ್ ಏರಿಯಾ ಎಂಬುದನ್ನು ಮಿದುಳಿನ ಸೆಗ್ಮೆಂಟ್ ಒಳಗೆ ಎಂದು ಇಡಿ. ಮಾಡಿಫೈ ಅದರ್ ಸೆಗ್ಮೆಂಟ್ಸ್ ಎಂಬಲ್ಲಿ ಓವರ್‌ರೈಟ್ ವಿಸಿಬಲ್ ಆರಿಸಿ, ಮಿದುಳಿನ ಸೆಗ್ಮೆಂಟಿನ ಕಣ್ಣಿನ ಗುರುತು ಮುಚ್ಚಿ. ಈ ಎರಡು ಬಿಟ್ಟರೆ ಎರಡು ಅನಾಹುತ: ನೀವು ಬೀಜ ಬಳಿದ ಕಡೆಯಲ್ಲೆಲ್ಲ ಮಿದುಳಿನ ಸೆಗ್ಮೆಂಟ್ ಅಳಿಸಿಹೋಗುತ್ತದೆ; ಕಣ್ಣಿಗೆ ಕಾಣುವ ಸೆಗ್ಮೆಂಟ್‌ಗಳೆಲ್ಲ ಬೀಜವೆಂದೇ ಲೆಕ್ಕವಾಗುವುದರಿಂದ ಮಿದುಳಿನ ಸೆಗ್ಮೆಂಟೂ ಬೆಳೆಯಲು ಹೊರಡುತ್ತದೆ.

ಬೀಜ ಬಳಿಯುವುದು ಮೂರು ದಿಕ್ಕಿನ ಸ್ಲೈಸ್‌ಗಳಲ್ಲೂ ಇರಲಿ, ಒಂದೊಂದು ದಿಕ್ಕಿನಲ್ಲಿ ನಾಲ್ಕೈದು ಸ್ಲೈಸ್ ಸಾಕು. ನಡುಗೆರೆಯ ಪಕ್ಕದಲ್ಲಿ, ಸೀಳಿಗೆ 2–3 ಮಿಲಿಮೀಟರ್ ದೂರದಲ್ಲಿ ಎರಡೂ ಕಡೆ ಉದ್ದಕ್ಕೆ ಗೆರೆ ಬಳಿಯುವುದು ಮುಖ್ಯ. ಕಾರ್ಪಸ್ ಕೆಲೋಸಮ್‌ನಲ್ಲಿ ತಡೆಯುವ ಕಪ್ಪು ಗೆರೆ ಇಲ್ಲದ್ದರಿಂದ ಒಂದು ಬದಿ ಇನ್ನೊಂದಕ್ಕೆ ನುಗ್ಗುತ್ತದೆ, ಅಲ್ಲಿ ಬೀಜದ ಗೆರೆಗಳು ಇನ್ನೂ ಒತ್ತಾಗಿರಲಿ. ಇನಿಶಿಯಲೈಜ್ ಒತ್ತಿ ಮುನ್ನೋಟ ನೋಡಿ, ತಪ್ಪಿದ ಕಡೆ ಇನ್ನಷ್ಟು ಬೀಜ ಬಳಿದು, ಸರಿಯಾದ ಮೇಲೆ ಅಪ್ಲೈ ಒತ್ತಿ. ಆಮೇಲೆ ಐಲೆಂಡ್ಸ್‌ನಲ್ಲಿ ಕೀಪ್ ಲಾರ್ಜೆಸ್ಟ್ ಐಲೆಂಡ್ ಮಾಡಿದರೆ ಬಿಡಿಬಿಡಿ ಚೂರುಗಳು ಹೋಗುತ್ತವೆ. ಒಂದು ಗೋಳಾರ್ಧ ಮಾತ್ರ ಇರುವ ಚಿತ್ರ ಬೇಕಿದ್ದರೆ ಮಾಸ್ಕ್ ವಾಲ್ಯೂಮ್‌ನಲ್ಲಿ ಫಿಲ್ ಔಟ್‌ಸೈಡ್, ತುಂಬುವ ಬೆಲೆ 0. ಸಿಟಿ ಚಿತ್ರವಾದರೆ 0 ಎಂದರೆ ನೀರು, ಗಾಳಿಗೆ -1000 ಕೊಡಬೇಕು.

ಎಂಎನ್‌ಐ ಟೆಂಪ್ಲೇಟ್‌ನಲ್ಲಿ ನಡುಗೆರೆ ಎಷ್ಟನೆಯ ಕಾಲಂ?

ಎಫ್‌ಎಸ್‌ಎಲ್ ಜೊತೆ ಬರುವ ಎಂಎನ್‌ಐ152ರ 2 ಮಿಲಿಮೀಟರ್ ಚಿತ್ರ 91 × 109 × 91 ವಾಕ್ಸೆಲ್. ಎಣಿಕೆ 0ಯಿಂದ. 45ನೇ ಕಾಲಂ ನಡುಗೆರೆ, 0–44 ಬಲ, 46–90 ಎಡ. ಎಫ್‌ಎಸ್‌ಎಲ್‌ಮ್ಯಾತ್ಸ್‌ನ ರಾಯ್ ಆಯ್ಕೆಗೆ ಎಂಟು ಸಂಖ್ಯೆ ಕೊಡಬೇಕು, ಪ್ರತಿ ಅಕ್ಷಕ್ಕೂ ಶುರುವಾಗುವ ಜಾಗ ಮತ್ತು ಅಳತೆ, -1 ಎಂದರೆ ಪೂರ್ತಿ:

ಬಲ: 0 45 0 -1 0 -1 0 -1
ಎಡ: 46 45 0 -1 0 -1 0 -1

ಎರಡನೆಯ ಸಂಖ್ಯೆ ಕೊನೆಯ ಕಾಲಂ ಅಲ್ಲ, ಎಷ್ಟು ಕಾಲಂ ಎಂಬುದು. 46ರಿಂದ 90ರವರೆಗೆ ಎಂದುಕೊಂಡು 46 90 ಬರೆಯುವವರು ಬಹಳ. ಇನ್ನೊಂದು: ಎಫ್‌ಎಸ್‌ಎಲ್‌ರಾಯ್ ಎಂಬ ಬೇರೆಯೇ ಆದೇಶ ಇದೆ, ಅದು ಚಿತ್ರವನ್ನು ಕತ್ತರಿಸಿ ಚಿಕ್ಕದು ಮಾಡುತ್ತದೆ. ನಮಗೆ ಬೇಕಾದದ್ದು ಹೊರಗಿನದನ್ನು 0 ಮಾಡುವ ಎಫ್‌ಎಸ್‌ಎಲ್‌ಮ್ಯಾತ್ಸ್.

1 ಮಿಲಿಮೀಟರ್ ಚಿತ್ರ 182 × 218 × 182. ಅದರ ಅರ್ಧ 91 ಎಂದು ಲೆಕ್ಕ ಹಾಕಿದರೆ ತಪ್ಪು. ನಡುಗೆರೆ 90ನೇ ಕಾಲಂ, ಬಲಕ್ಕೆ 90 ಕಾಲಂ, ಎಡಕ್ಕೆ 91. ಬೇರೆ ಟೆಂಪ್ಲೇಟ್‌ಗಳಲ್ಲಿ ಅಳತೆಯೂ ಬೇರೆ, ಜೋಡಣೆಯ ದಿಕ್ಕೂ ಬೇರೆ. ಈ ಸಂಖ್ಯೆಗಳನ್ನು ಅಲ್ಲಿಗೆ ಒಯ್ಯಬೇಡಿ.

ಈ ಮಾಸ್ಕನ್ನು ವ್ಯಕ್ತಿಯ ಸ್ವಂತ ಚಿತ್ರಕ್ಕೆ ತರಲು ಮೊದಲು ಫ್ಲರ್ಟ್‌ನಲ್ಲಿ 12 ಡಿಗ್ರಿ ಆಫ್ ಫ್ರೀಡಂನಿಂದ (ಕೋನದ ಡಿಗ್ರಿ ಅಲ್ಲ), ಆಮೇಲೆ ಫ್ನರ್ಟ್‌ನಲ್ಲಿ ಟೆಂಪ್ಲೇಟ್‌ಗೆ ಹೊಂದಿಸಿ, ಇನ್ವಾರ್ಪ್‌ನಿಂದ ಹಿಮ್ಮುಖ ನಕ್ಷೆ ಮಾಡಿ, ಅಪ್ಲೈವಾರ್ಪ್‌ನಿಂದ ಮಾಸ್ಕನ್ನು ಹಿಂದಕ್ಕೆ ತನ್ನಿ. ಎಂಎನ್‌ಐ152ರ ಸಾಮಾನ್ಯ ಆವೃತ್ತಿಯೂ ಸಮಪಾಲಲ್ಲ, ಅದರಲ್ಲೂ ಹಿಂಭಾಗದ ತಿರುಚು ಸ್ವಲ್ಪ ಉಳಿದಿದೆ. ಎಡ–ಬಲ ಹೋಲಿಕೆಯೇ ಉದ್ದೇಶವಾದರೆ ಸಮ್ಮಿತಿ ಇರುವ 2009ರ ಆವೃತ್ತಿ ಬಳಸಿ.

ಫ್ರೀಸರ್ಫರ್ ಮುಗಿಸಿದ್ದೇನೆ. ಯಾವ ಕಡತ ನೋಡಲಿ?

ರಿಬ್ಬನ್ ಕಡತದಲ್ಲಿ ಎಡದ ಬಿಳಿ ದ್ರವ್ಯ 2, ಎಡ ಕಾರ್ಟೆಕ್ಸ್ 3, ಬಲದ ಬಿಳಿ ದ್ರವ್ಯ 41, ಬಲ ಕಾರ್ಟೆಕ್ಸ್ 42. ಕಾರ್ಟೆಕ್ಸ್ ಮಾತ್ರ ಬೇಕಾದವರಿಗೆ ಇಷ್ಟೇ ಸಾಕು. ಒಳಗಿನ ರಚನೆಗಳೂ ಬೇಕಾದರೆ ಎಸೆಗ್ ಕಡತ ತೆಗೆದುಕೊಂಡು ಎಂಆರ್‌ಐ-ಬೈನರೈಜ್‌ನ ಮ್ಯಾಚ್ ಆಯ್ಕೆಗೆ ಈ ಸಂಖ್ಯೆಗಳನ್ನು ಕೊಡಿ:

ಎಡ: 2 3 4 5 10 11 12 13 17 18 26 28 30 31
ಬಲ: 41 42 43 44 49 50 51 52 53 54 58 60 62 63

ಇದರಲ್ಲಿ 4, 5, 43, 44 ವೆಂಟ್ರಿಕಲ್‌ಗಳು. ಅಂಗಾಂಶದ ಗಾತ್ರ ಮಾತ್ರ ಬೇಕಿದ್ದರೆ ಅವನ್ನೂ, ಅವುಗಳೊಳಗಿನ ಕೋರಾಯ್ಡ್ ಪ್ಲೆಕ್ಸಸ್ 31, 63 ಅನ್ನೂ ಬಿಡಿ. ಕಿರುಮಿದುಳು ಬೇಕಿದ್ದರೆ ಎಡಕ್ಕೆ 7, 8, ಬಲಕ್ಕೆ 46, 47 ಸೇರಿಸಿ.

ಬದಿ ಇಲ್ಲದ ಸಂಖ್ಯೆಗಳಲ್ಲಿ ಸಿಕ್ಕಿಹಾಕಿಕೊಳ್ಳುವವರು ಹೆಚ್ಚು. ಮೂರನೆಯ ವೆಂಟ್ರಿಕಲ್ 14, ಬ್ರೈನ್‌ಸ್ಟೆಮ್ 16, ಕಾರ್ಪಸ್ ಕೆಲೋಸಮ್‌ನ ಐದು ತುಂಡು 251ರಿಂದ 255. ಎಲ್ಲಕ್ಕಿಂತ ಮೋಸ ಮಾಡುವುದು 77. ಬಿಳಿ ದ್ರವ್ಯದೊಳಗೆ ಕಪ್ಪಾಗಿ ಕಾಣುವ ಕಲೆಗಳಿಗೆ, ಅವು ಎಡಕ್ಕಿರಲಿ ಬಲಕ್ಕಿರಲಿ, ಇದೊಂದೇ ಸಂಖ್ಯೆ. ವಯಸ್ಸಾದವರಲ್ಲಿ ಇಂಥ ಕಲೆಗಳು ಜಾಸ್ತಿ, ಹಾಗಾಗಿ ಅವರ ಮಾಸ್ಕ್ ಜರಡಿಯಂತೆ ತೂತು ತೂತಾಗುತ್ತದೆ, ಗಾತ್ರವೂ ಕಡಿಮೆ ಬರುತ್ತದೆ. ಯುವಕರ ಗುಂಪಿನ ಜೊತೆ ಹೋಲಿಸಿದಾಗ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ. 77ರ ವಾಕ್ಸೆಲ್‌ಗಳನ್ನು ಹತ್ತಿರದ ಬದಿಗೆ ಸೇರಿಸುವ ಹಂತ ಒಂದನ್ನು ಸ್ಕ್ರಿಪ್ಟ್‌ನಲ್ಲಿ ಇಡಲೇಬೇಕು.

ಫ್ರೀಸರ್ಫರ್‌ನ ಪೂರ್ತಿ ಓಟವಾದ ರಿಕಾನ್-ಆಲ್ ಒಂದೊಂದು ಚಿತ್ರಕ್ಕೆ ಹಲವು ಗಂಟೆ ತಿನ್ನುತ್ತದೆ. ಅಷ್ಟು ಸಮಯ ಇಲ್ಲದಿದ್ದರೆ ಸಿಂತ್‌ಸೆಗ್ ಓಡಿಸಿ. ಲೇಬಲ್ ಸಂಖ್ಯೆಗಳು ಇವೇ, 5 ಮಿಲಿಮೀಟರ್ ಸ್ಲೈಸ್‌ಗಳ ಆಸ್ಪತ್ರೆ ಚಿತ್ರವನ್ನೂ ತೆಗೆದುಕೊಳ್ಳುತ್ತದೆ. ಅದರಲ್ಲಿ ಕೆಲೋಸಮ್‌ಗೆ ಬೇರೆ ಲೇಬಲ್ ಇಲ್ಲ, 2 ಮತ್ತು 41ರ ನಡುವೆ ಹಂಚಿಹೋಗಿರುತ್ತದೆ. ಎಸೆಗ್‌ನ ಗಾತ್ರವನ್ನೂ ಸಿಂತ್‌ಸೆಗ್‌ನ ಗಾತ್ರವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಒಂದು ಬದಿಯ ಮೇಲ್ಮೈ ಇನ್ನೊಂದು ಬದಿಗೆ ಹರಿದಂತೆ ಕಂಡರೆ, ಕತ್ತರಿಸುವ ಜಾಗವನ್ನು ಪ್ರೋಗ್ರಾಂ ತಪ್ಪಾಗಿ ಹುಡುಕಿದೆ ಎಂದು ಅರ್ಥ. ಫ್ರೀವ್ಯೂನಲ್ಲಿ ಕೆಲೋಸಮ್‌ನ ನಡುಜಾಗದ್ದೂ, ಬ್ರೈನ್‌ಸ್ಟೆಮ್‌ನ ಭಾಗವಾದ ಪಾನ್ಸ್‌ನ ನಡುಜಾಗದ್ದೂ ವಾಕ್ಸೆಲ್ ನಿರ್ದೇಶಾಂಕ ಓದಿ, ರಿಕಾನ್-ಆಲ್‌ನ ಸಿಸಿ-ಸಿಆರ್‌ಎಸ್ ಮತ್ತು ಪಾನ್ಸ್-ಸಿಆರ್‌ಎಸ್ ಆಯ್ಕೆಗಳಿಗೆ ಕೊಟ್ಟು ಆ ಹಂತದಿಂದ ಮತ್ತೆ ಓಡಿಸಿ.

ಮಾಸ್ಕಿನಲ್ಲಿ 0, 1 ಬಿಟ್ಟು 0.37 ತರಹದ ಸಂಖ್ಯೆಗಳು ಯಾಕೆ ಬಂದವು?

ಮಾಸ್ಕನ್ನು ಬೇರೆ ಅಳತೆಗೆ ಹೊಂದಿಸುವಾಗ ಟ್ರೈಲೀನಿಯರ್ ವಿಧಾನ ಬಳಸಿದ್ದೀರಿ. ಅದು ಅಕ್ಕಪಕ್ಕದ ಬೆಲೆಗಳ ಸರಾಸರಿ ತೆಗೆಯುತ್ತದೆ. ಎಡ 1, ಬಲ 2 ಎಂದಿದ್ದ ಲೇಬಲ್ ಕಡತದಲ್ಲಿ ಇದು ಇನ್ನೂ ಕೆಡುಕು: 0 ಮತ್ತು 2ರ ಸರಾಸರಿ 1 ಆಗಿ, ಬಲ ಗೋಳಾರ್ಧದ ಹೊರ ಅಂಚಿನ ಸುತ್ತ ಎಡದ ತೆಳು ಪದರ ಮೂಡುತ್ತದೆ. ಲೇಬಲ್‌ಗಳಿಗೆ ಯಾವಾಗಲೂ ಹತ್ತಿರದ ವಾಕ್ಸೆಲ್‌ನ ಬೆಲೆಯನ್ನೇ ತೆಗೆದುಕೊಳ್ಳುವ ನಿಯರೆಸ್ಟ್ ನೇಬರ್. ಒಂದೇ ಬದಿಯ ಮಾಸ್ಕ್ ಆಗಿದ್ದರೆ ಟ್ರೈಲೀನಿಯರ್ ಮಾಡಿ 0.5ರಲ್ಲಿ ಕತ್ತರಿಸಿದರೂ ನಡೆಯುತ್ತದೆ, ಅಂಚು ನಯವಾಗಿಯೂ ಬರುತ್ತದೆ. ಉಳಿಸುವಾಗ 8 ಬಿಟ್ ಪೂರ್ಣಾಂಕವಾಗಿ ಉಳಿಸಿ.

ಮಾಸ್ಕ್ ಚಿತ್ರದ ಪಕ್ಕಕ್ಕೆ ಜರುಗಿ ಕೂತಿದೆ. ಏನು ಮಾಡಲಿ?

ಎರಡೂ ಕಡತಗಳ ಆಯಾಮ ಮತ್ತು ಆಫೈನ್ ಹೋಲಿಸಿ. ಫ್ರೀಸರ್ಫರ್ ಎಲ್ಲ ಚಿತ್ರವನ್ನೂ 256 × 256 × 256, 1 ಮಿಲಿಮೀಟರ್‌ಗೆ ಬದಲಿಸಿ ಕೆಲಸ ಮಾಡುತ್ತದೆ. ಅದರ ಮಾಸ್ಕ್ ನಿಮ್ಮ ಮೂಲ ಚಿತ್ರದ ಮೇಲೆ ವಾಕ್ಸೆಲ್‌ಗೆ ವಾಕ್ಸೆಲ್ ಕೂರುವುದಿಲ್ಲ, ಮೂಲ ಅಳತೆಗೆ ಹಿಂದಕ್ಕೆ ತರಬೇಕು. ಆಯಾಮ ಒಂದೇ ಇದ್ದೂ ಜರುಗಿದ್ದರೆ ಹೆಡರ್‌ನಲ್ಲಿ ಸ್ಥಾನ ಮತ್ತು ದಿಕ್ಕು ಹೇಳುವ ಎರಡು ವಿವರಗಳಲ್ಲಿ ಕ್ಯೂಫಾರ್ಮ್ ಒಂದು, ಎಸ್‌ಫಾರ್ಮ್ ಇನ್ನೊಂದು ಹೇಳುತ್ತಿರಬಹುದು. ಒಂದು ಪ್ರೋಗ್ರಾಂ ಮೊದಲನೆಯದನ್ನೂ ಇನ್ನೊಂದು ಎರಡನೆಯದನ್ನೂ ನಂಬುತ್ತದೆ.

ಗಡ್ಡೆ, ಪಾರ್ಶ್ವವಾಯು, ಶಸ್ತ್ರಚಿಕಿತ್ಸೆ ಆದವರ ಚಿತ್ರಕ್ಕೆ ಇವೇ ವಿಧಾನ ನಡೆಯುತ್ತವೆಯೆ?

ಟೆಂಪ್ಲೇಟ್ ವಿಧಾನ ಬೇಡ. ಗಡ್ಡೆ ನಡುಗೆರೆಯನ್ನು ತಳ್ಳಿರುತ್ತದೆ, ಹಳೆಯ ಪಾರ್ಶ್ವವಾಯುವಿನಲ್ಲಿ ಮಿದುಳು ಕುಗ್ಗಿ ನಡುಗೆರೆಯನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಗಡ್ಡೆಯ ಬದಿಯ ಅಂಗಾಂಶ ಫಾಲ್ಕ್ಸಿನ ಕೆಳಗೆ ತೂರಿ ಆಚೆ ಬದಿಗೆ ಹೋಗಿದ್ದರೂ ಅದು ತನ್ನ ಮೂಲ ಬದಿಗೇ ಸೇರಬೇಕು. ಇದನ್ನು ಸಮತಲ ಹಿಡಿಯಲಾರದು, ಸೀಡ್ಸ್ ವಿಧಾನ ಮತ್ತು ಕೈತಿದ್ದುವಿಕೆಯೇ ಗತಿ. ಹುಟ್ಟಿನಿಂದಲೇ ಕೆಲೋಸಮ್ ಇಲ್ಲದವರಲ್ಲಿ, ಒಂದು ಗೋಳಾರ್ಧವನ್ನು ತೆಗೆಸಿಕೊಂಡ ಅಥವಾ ಬೇರ್ಪಡಿಸಿಕೊಂಡ ಅಪಸ್ಮಾರ ರೋಗಿಗಳಲ್ಲಿ ಸ್ವಯಂಚಾಲಿತ ಫಲಿತಾಂಶವನ್ನು ಸ್ಲೈಸ್ ಸ್ಲೈಸ್ ನೋಡದೆ ಬಳಸಬೇಡಿ. ಇಲ್ಲಿನ ಮಾಸ್ಕ್‌ಗಳು ಅಧ್ಯಯನಕ್ಕೆ. ಚಿಕಿತ್ಸೆಯ ತೀರ್ಮಾನ ರೇಡಿಯಾಲಜಿಸ್ಟ್ ಓದಿದ ವರದಿಯ ಮೇಲೆ ಇರಲಿ.

ಎಡ–ಬಲ ಗಾತ್ರದ ವ್ಯತ್ಯಾಸ ಎಷ್ಟು ನಂಬಬಹುದು?

ಗಾತ್ರ ಎಂದರೆ ವಾಕ್ಸೆಲ್ ಎಣಿಕೆಯನ್ನು ಒಂದು ವಾಕ್ಸೆಲ್‌ನ ಘನ ಅಳತೆಯಿಂದ ಗುಣಿಸಿದ್ದು. ಅಸಮತೆಯ ಲೆಕ್ಕಕ್ಕೆ ಎಡದಿಂದ ಬಲವನ್ನು ಕಳೆದು, ಎರಡರ ಸರಾಸರಿಯಿಂದ ಭಾಗಿಸಿ, 100ರಿಂದ ಗುಣಿಸಿ. ಎಡ 520, ಬಲ 530 ಮಿಲಿಲೀಟರ್ ಇದ್ದರೆ -1.9 ಶೇಕಡಾ.

ಈಗ ಗಡಿ 1 ಮಿಲಿಮೀಟರ್ ಬಲಕ್ಕೆ ಜರುಗಿತು ಎಂದಿಟ್ಟುಕೊಳ್ಳಿ. ಆ ಗಡಿಗೆ ತಾಗಿರುವ ಅಂಗಾಂಶ 60 ಚದರ ಸೆಂಟಿಮೀಟರ್ ಆದರೂ 6 ಮಿಲಿಲೀಟರ್ ಬಲದಿಂದ ಎಡಕ್ಕೆ ಹೋಯಿತು. ಎಡ 526, ಬಲ 524. ದೊಡ್ಡದಿದ್ದ ಬದಿಯೇ ಚಿಕ್ಕದಾಯಿತು. ಹಾಗಾಗಿ ಒಂದೆರಡು ಶೇಕಡಾ ವ್ಯತ್ಯಾಸದ ಬಗ್ಗೆ ಮಾತಾಡುವ ಮೊದಲು, ಹತ್ತು ಚಿತ್ರಗಳನ್ನಾದರೂ ಕನ್ನಡಿಯಂತೆ ಎಡ–ಬಲ ತಿರುಗಿಸಿ, ಅದೇ ವಿಧಾನವನ್ನು ಮತ್ತೆ ಓಡಿಸಿ. ಅಸಮತೆಯ ಸಂಖ್ಯೆ ಅಷ್ಟೇ ಇದ್ದು ಚಿಹ್ನೆ ಮಾತ್ರ ಬದಲಾಗಬೇಕು. ಬದಲಾಗದೆ ಉಳಿದ ಪಾಲು ನಿಮ್ಮ ವಿಧಾನದ ಒಲವು, ಮಿದುಳಿನದಲ್ಲ. ಬೇರೆಯವರ ಪ್ರಬಂಧಗಳಲ್ಲಿ ಈ ಪರೀಕ್ಷೆ ಕಾಣುವುದು ಕಡಿಮೆ, ಇದಕ್ಕೆ ಹಿಡಿಯುವುದು ಮಾತ್ರ ಒಂದು ಸಂಜೆ.

ಇದಲ್ಲದೆ ಎಡ, ಬಲ, ನಡುಭಾಗದ ಎಣಿಕೆ ಕೂಡಿಸಿದರೆ ಇಡೀ ಮಾಸ್ಕಿನ ಎಣಿಕೆಗೆ ಸರಿಹೊಂದಬೇಕು. ಒಂದೊಂದು ಬದಿ ಒಂದೇ ಅಖಂಡ ತುಂಡಾಗಿರಬೇಕು. ಕಣ್ಣಿಂದ ನೋಡಬೇಕಾದ ಜಾಗಗಳು ಮೂರು: ಹಿಂತುದಿ, ಕೆಲೋಸಮ್, ಕಿರುಮಿದುಳಿನ ಮೇಲ್ಭಾಗಕ್ಕೆ ಆಕ್ಸಿಪಿಟಲ್ ಭಾಗ ತಾಗುವ ಕಡೆ.

ನನ್ನ ಬಳಿ ಇರುವುದು ಗಾಜಿನ ಮೇಲಿನ ತೆಳು ಪದರಗಳ ಫೋಟೊ. ಅದಕ್ಕೆ ಹೇಗೆ?

ಫೀಜಿ ಎಂಬ ಚಿತ್ರ ಪ್ರೋಗ್ರಾಂನಲ್ಲಿ ಪಾಲಿಗನ್ ಸಾಧನದಿಂದ ಒಂದು ಬದಿಯ ಸುತ್ತ ಗೆರೆ ಎಳೆಯಿರಿ. ಹೊರಗಿನ ಅಂಚನ್ನು ಸಡಿಲವಾಗಿ, ನಡುಗೆರೆಯನ್ನು ಮಾತ್ರ ಜಾಗ್ರತೆಯಿಂದ. ಟಿ ಕೀಲಿ ಒತ್ತಿದರೆ ಗೆರೆ ಆರ್‌ಓಐ ಮ್ಯಾನೇಜರ್‌ಗೆ ಸೇರುತ್ತದೆ. ಎಡಿಟ್, ಸೆಲೆಕ್ಷನ್, ಕ್ರಿಯೇಟ್ ಮಾಸ್ಕ್ ಮಾಡಿದರೆ 0 ಮತ್ತು 255ರ ಮಾಸ್ಕ್ ಸಿಗುತ್ತದೆ. ಇಲ್ಲಿ 1ರ ಬದಲು 255 ಎಂಬುದನ್ನು ಮರೆತು ನೇರವಾಗಿ ಗುಣಿಸಿದರೆ ಚಿತ್ರ ಹಾಳು, ಮೊದಲು 255ರಿಂದ ಭಾಗಿಸಿ. ಗಿಂಪ್ ಬಳಸುವವರು ಆ್ಯಂಟಿಏಲಿಯಾಸಿಂಗ್ ಮತ್ತು ಫೆದರ್ ಎಡ್ಜಸ್ ಎರಡನ್ನೂ ತೆಗೆದುಹಾಕಿ ಕೆಲಸ ಮಾಡಿ, ಇಲ್ಲದಿದ್ದರೆ ಅಂಚಿನಲ್ಲಿ ಬೂದುಬಣ್ಣ ಬರುತ್ತದೆ.

ಮಾಸ್ಕನ್ನು ಜೆಪೆಗ್ ಆಗಿ ಎಂದೂ ಉಳಿಸಬೇಡಿ. ಅದರ ಸಂಕುಚನ ಅಂಚಿನ ಸುತ್ತ 3, 7, 250 ತರಹದ ಬೆಲೆಗಳನ್ನು ಚೆಲ್ಲುತ್ತದೆ. ಟಿಫ್ ಅಥವಾ ಪಿಎನ್‌ಜಿ ಇರಲಿ.

ಪದರಗಳಲ್ಲಿ ಎಡ–ಬಲ ಎಂಆರ್‌ಐಗಿಂತ ಹೆಚ್ಚು ಮೋಸ. ಬ್ರಷ್‌ನಿಂದ ಗಾಜಿಗೆ ಏರಿಸುವಾಗ ಪದರ ಮಗುಚಿಕೊಂಡರೆ ಆ ಒಂದು ಪದರದಲ್ಲಿ ಮಾತ್ರ ಎಡ–ಬಲ ಅದಲುಬದಲು, ಅದರ ಹಿಂದಿನದೂ ಮುಂದಿನದೂ ಸರಿ. ಇದಕ್ಕೆಂದೇ ಪ್ರಯೋಗಾಲಯಗಳಲ್ಲಿ ಕೊಯ್ಯುವ ಮೊದಲು ಒಂದು ಗೋಳಾರ್ಧದಲ್ಲಿ ಸೂಜಿಯಿಂದ ಉದ್ದಕ್ಕೂ ತೂತು ಮಾಡುತ್ತಾರೆ. ಪ್ರತಿ ಪದರದಲ್ಲೂ ಆ ಸಣ್ಣ ತೂತು ಎಲ್ಲಿದೆ ನೋಡಿ, ತಪ್ಪು ಬದಿಯಲ್ಲಿ ಕಂಡ ಪದರವನ್ನು ಅಡ್ಡಕ್ಕೆ ತಿರುಗಿಸಿ, ಆಮೇಲೆ ಗೆರೆ ಎಳೆಯಲು ಕೂರಿ.

ಚಿತ್ರಗಳನ್ನು ಬೇರೆಯವರಿಗೆ ಕಳಿಸುವ ಮೊದಲು ಏನು ತೆಗೆಯಬೇಕು?

ಡೈಕಾಮ್ ಹೆಡರ್‌ನಲ್ಲಿ ಹೆಸರು, ಹುಟ್ಟಿದ ದಿನ, ಆಸ್ಪತ್ರೆ ಸಂಖ್ಯೆ ಇರುತ್ತವೆ. ನಿಫ್ಟಿಗೆ ಬದಲಿಸಿದರೆ ಬಹುಪಾಲು ಹೋಗುತ್ತವೆ, ಆದರೆ ಕಡತದ ಹೆಸರಿನಲ್ಲೇ ರೋಗಿಯ ಹೆಸರು ಉಳಿದಿರಬಹುದು, ನೋಡಿಕೊಳ್ಳಿ. ಬುರುಡೆ ತೆಗೆಯದ ಟಿ1 ಚಿತ್ರದಿಂದ ಮುಖದ ಆಕಾರವನ್ನು ತ್ರೀಡಿಯಲ್ಲಿ ಕಟ್ಟಬಹುದಾದ್ದರಿಂದ ಮುಖ ಅಳಿಸಿದ ಅಥವಾ ಮಿದುಳು ಮಾತ್ರ ಉಳಿಸಿದ ಪ್ರತಿಯನ್ನೇ ಕಳಿಸಿ. ಜೊತೆಗೆ ಒಂದು ಸಾದಾ ಪಠ್ಯ ಕಡತ ಇಡಿ: ಎಡಕ್ಕೆ ಯಾವ ಸಂಖ್ಯೆ, ಬಲಕ್ಕೆ ಯಾವುದು, ಕೆಲೋಸಮ್ ಎಲ್ಲಿ ಹೋಯಿತು, ಕಿರುಮಿದುಳು ಇದೆಯೇ, ಗುಳಿಗೆ ಯಾವ ಬದಿಗೆ ಅಂಟಿಸಿತ್ತು, ಸಾಫ್ಟ್‌ವೇರ್‌ನ ಯಾವ ಆವೃತ್ತಿ.